ಕ್ರೀಮು, ಸೀರಂ ಹಚ್ಚಿ ಮುಖ ಉರಿಯುತ್ತಿದೆಯಾ? ಸದ್ಯಕ್ಕೆ ಹೆಚ್ಚೇನೂ ಹಚ್ಚಬೇಡಿ

ಬರೀ ನೀರು ತಾಗಿದರೂ ಮುಖ ಚುರುಚುರು ಅನ್ನುತ್ತದೆ. ಮೊನ್ನೆವರೆಗೆ ಒಗ್ಗುತ್ತಿದ್ದ ಕ್ರೀಮೇ ಇವತ್ತು ಉರಿ ಹತ್ತಿಸುತ್ತದೆ. ಮೂಗಿನ ಪಕ್ಕ, ತುಟಿಯ ಅಂಚು, ಗಲ್ಲದ ಹತ್ತಿರ ಚರ್ಮ ಬಿಗಿದುಕೊಂಡು ಹೊಟ್ಟು ಏಳುತ್ತದೆ. ರಾತ್ರಿ ರೆಟಿನಾಲ್, ಬೆಳಿಗ್ಗೆ ವಿಟಮಿನ್ ಸಿ, ನಡುವೆ ಗ್ಲೈಕಾಲಿಕ್ ಆಸಿಡ್ ಇರುವ ಟೋನರ್, ಭಾನುವಾರಕ್ಕೊಂದು ಸ್ಕ್ರಬ್ ಅಂತ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿಕೊಂಡವರಿಗೆ ಈ ಕಥೆ ಹೊಸದಲ್ಲ.

ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಏನು ಹಚ್ಚಬೇಕು? ಉತ್ತರಕ್ಕೇನೂ ಬರವಿಲ್ಲ. ಅಜ್ಜಿ ಅರಿಶಿನ ಅನ್ನುತ್ತಾರೆ, ಅತ್ತೆ ಮೊಸರು ಅನ್ನುತ್ತಾರೆ, ಮೆಡಿಕಲ್ ಶಾಪಿನವರು ಯಾವುದೋ ಟ್ಯೂಬ್ ಕೈಗಿಡುತ್ತಾರೆ, ಗೆಳತಿ ಇನ್ನೊಂದು ಸೀರಂನ ಲಿಂಕ್ ಕಳಿಸುತ್ತಾಳೆ. ಎರಡೇ ದಿನಕ್ಕೆ ತಣ್ಣಗಾಗಬೇಕಿದ್ದ ಮುಖ ವಾರಗಟ್ಟಲೆ ಉರಿಯುವುದಕ್ಕೆ ಬಹಳ ಸಲ ಈ ಉಪಚಾರವೇ ಕಾರಣ.

ಒಳಗೆ ಆಗಿರುವುದೇನು ಅಂತ ಸ್ವಲ್ಪ ನೋಡೋಣ. ಚರ್ಮದ ತೀರಾ ಮೇಲಿನ ಪದರದ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದೆರಡು ಪಾಲು, ಅಷ್ಟೇ. ಅಲ್ಲಿ ಸತ್ತ ಕೋಶಗಳು ಹಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಅವುಗಳ ಸಂದಿಯಲ್ಲಿ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲಗಳು ಸೇರಿದ ಜಿಡ್ಡು ತುಂಬಿರುತ್ತದೆ. ಒಳಗಿನ ನೀರು ಆರಿಹೋಗದಂತೆ, ಹೊರಗಿನದು ಒಳಗೆ ಇಳಿಯದಂತೆ ತಡೆಯುವುದು ಇದೇ ಪದರ. ಆಸಿಡ್, ಸ್ಕ್ರಬ್, ಖಾರವಾದ ಸೋಪು ಸೇರಿ ಆ ಜಿಡ್ಡನ್ನು ಕಿತ್ತು ತೆಗೆದ ಮೇಲೆ ಏನು ಹಚ್ಚಿದರೂ ನೇರ ಕೆಳಗಿನ ನರಗಳಿಗೆ ತಾಗುತ್ತದೆ. ಉರಿ ಬರುವುದು ಅದಕ್ಕೆ. ಖುಷಿಯ ಸಂಗತಿ ಅಂದರೆ, ಈ ಪದರ ತನ್ನಷ್ಟಕ್ಕೆ ತಾನೇ ಹೊಸದಾಗುತ್ತಿರುತ್ತದೆ. ಹರೆಯದಲ್ಲಿ ಹೆಚ್ಚುಕಡಿಮೆ ನಾಲ್ಕು ವಾರ ಸಾಕು, ವಯಸ್ಸಾದಂತೆ ಇನ್ನಷ್ಟು ನಿಧಾನ. ನಮ್ಮ ಕೆಲಸ ಅದಕ್ಕೆ ಅಡ್ಡಿ ಮಾಡದೆ ಇರುವುದು.

ಇನ್ನೊಂದು ಮಾತು. ವಿದೇಶಿ ವಿಡಿಯೊಗಳಲ್ಲಿ ಮುಖ ಕೆಂಪಾದರೆ ನಿಲ್ಲಿಸಿ ಅನ್ನುತ್ತಾರೆ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖಗಳಲ್ಲಿ ಕೆಂಪು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಕಂದು ಅಥವಾ ನೇರಳೆ ಛಾಯೆ ಬರಬಹುದು, ಅಥವಾ ಏನೂ ಕಾಣದೇ ಬರೀ ಬಿಗಿತ ಇರಬಹುದು. ಅಂಗೈ ಹಿಂಬದಿಯಿಂದ ಕೆನ್ನೆ ಮುಟ್ಟಿ ನೋಡಿ, ಬಿಸಿ ಅನ್ನಿಸುತ್ತಿದ್ದರೆ, ನೀರಿಗೂ ಉರಿಯುತ್ತಿದ್ದರೆ ಅದೇ ಗುರುತು. ಇಂಥ ಚರ್ಮ ಕೆರಳಿದರೆ ಆಮೇಲೆ ಕಪ್ಪು ಕಲೆ ಉಳಿಯುವುದೂ ಜಾಸ್ತಿ. ಉರಿ ವಾರದಲ್ಲಿ ಹೋದರೂ ಕಲೆ ತಿಂಗಳುಗಟ್ಟಲೆ ಕೂರುತ್ತದೆ. ಹಾಗಾಗಿ ಬೇಗ ನಿಲ್ಲಿಸುವುದು ನಮಗೆ ಇನ್ನೂ ಮುಖ್ಯ.

ಈಗಷ್ಟೇ ಹಚ್ಚಿ ಉರಿ ಶುರುವಾಗಿದ್ದರೆ

ಮನೆಯಲ್ಲೇ ಆಸಿಡ್ ಹಚ್ಚಿ ಪೀಲಿಂಗ್ ಮಾಡಿಕೊಳ್ಳಲು ಹೋಗಿ, ಹತ್ತು ನಿಮಿಷಕ್ಕೆ ತೊಳೆಯಬೇಕಾದದ್ದನ್ನು ಫೋನ್ ನೋಡುತ್ತಾ ಮರೆತಿದ್ದರೆ, ತಕ್ಷಣ ನಲ್ಲಿಯ ತಣ್ಣೀರಿನಲ್ಲಿ ತೊಳೆಯಿರಿ. ಎರಡು ಬೊಗಸೆ ಎರಚಿಕೊಂಡರೆ ಸಾಲದು, ಹರಿಯುವ ನೀರಲ್ಲಿ ಹದಿನೈದು ಇಪ್ಪತ್ತು ನಿಮಿಷ. ಆಸಿಡ್‌ಗೆ ಎದುರಾಗಿ ಅಡುಗೆ ಸೋಡಾ ಹಚ್ಚುವ ಉಪಾಯ ಬೇಡ, ಅದು ಇನ್ನೊಂದು ಗಾಯಕ್ಕೆ ದಾರಿ. ಕಣ್ಣಿಗೆ ಹೋಗಿದ್ದರೆ ಕಣ್ಣನ್ನೂ ಹಾಗೇ ತೊಳೆದು ನೇರ ಆಸ್ಪತ್ರೆಗೆ ಹೊರಡಿ.

ಎಲ್ಲವನ್ನೂ ನಿಲ್ಲಿಸಿ

ಎಲ್ಲವನ್ನೂ ಅಂದರೆ ಎಲ್ಲವನ್ನೂ. ರೆಟಿನಾಲ್, ಗ್ಲೈಕಾಲಿಕ್ ಮತ್ತು ಸ್ಯಾಲಿಸಿಲಿಕ್ ಆಸಿಡ್, ಬೆಂಜಾಯಿಲ್ ಪೆರಾಕ್ಸೈಡ್, ವಿಟಮಿನ್ ಸಿ, ಟೋನರ್, ಸ್ಕ್ರಬ್, ಕಡಲೆಹಿಟ್ಟು, ಶೀಟ್ ಮಾಸ್ಕ್, ರೋಸ್ ವಾಟರ್, ಮೇಕಪ್. ಪಾರ್ಲರ್‌ನ ಬ್ಲೀಚ್, ವ್ಯಾಕ್ಸಿಂಗ್, ತ್ರೆಡ್ಡಿಂಗ್ ಕೂಡ. ಗಂಡಸರು ಶೇವಿಂಗ್‌ಗೆ ಕೆಲವು ದಿನ ರಜೆ ಕೊಡಿ, ಆಲ್ಕೋಹಾಲ್ ಇರುವ ಆಫ್ಟರ್ ಶೇವ್, ಕಟಿಂಗ್ ಶಾಪಿನಲ್ಲಿ ಉಜ್ಜುವ ಪಟಿಕ ಎರಡೂ ಬೇಡ. ನಯಾಸಿನಮೈಡ್ ಚರ್ಮಕ್ಕೆ ಒಳ್ಳೆಯದೇ, ಆದರೆ 10 ಪರ್ಸೆಂಟಿನ ಬಾಟಲಿ ಕೆರಳಿದ ಮುಖಕ್ಕೆ ಚುಚ್ಚಬಹುದು, ಅದನ್ನೂ ಎತ್ತಿಡಿ. ಡಾಕ್ಟರ್ ಬರೆದುಕೊಟ್ಟ ಔಷಧವಾದರೆ ಮಾತ್ರ ಅವರಿಗೆ ಒಂದು ಫೋನ್ ಮಾಡಿ ಕೇಳಿ.

ದುಡ್ಡು ಕೊಟ್ಟು ತಂದ ಬಾಟಲಿ ಅಂತ ಮನಸ್ಸು ಎಳೆಯುತ್ತದೆ, ಗೊತ್ತು. ಬೀರುವಿನಲ್ಲಿಡಿ, ಎಲ್ಲಿಗೂ ಓಡಿಹೋಗುವುದಿಲ್ಲ.

ತಂಪು ಮಾಡುವುದು

ಮೆತ್ತಗಿನ ಹತ್ತಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ ಐದು ಹತ್ತು ನಿಮಿಷ ಮುಖದ ಮೇಲೆ ಹಾಕಿಕೊಳ್ಳಿ. ಹಳೆಯ ಪಂಚೆ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ಐಸ್ ಕ್ಯೂಬ್ ಉಜ್ಜಬೇಡಿ, ತೀರಾ ತಣ್ಣಗಿರುವುದೂ ಚರ್ಮವನ್ನು ಸುಡುತ್ತದೆ. ಬಿಸಿನೀರು, ಸ್ಟೀಮ್, ಒಲೆಯ ಮುಂದೆ ಬಹಳ ಹೊತ್ತು ನಿಲ್ಲುವುದು, ಇವೆಲ್ಲ ಉರಿ ಹೆಚ್ಚಿಸುತ್ತವೆ.

ತೊಳೆಯುವುದು ಹೇಗೆ

ತಪ್ಪುಗಳು ಜಾಸ್ತಿ ಆಗುವುದು ಇಲ್ಲೇ. ಆರೋಗ್ಯದ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ನಾವು ಬಳಸುವ ಮಾಮೂಲಿ ಸೋಪಿನ ಪಿಎಚ್ 9ರಿಂದ 10, ಅಂದರೆ ಕ್ಷಾರೀಯ. ಟಿಎಫ್‌ಎಂ ಜಾಸ್ತಿ ಇರುವ ಸೋಪು ಒಳ್ಳೆಯದು ಅಂತ ಜನ ಹೇಳುತ್ತಾರಲ್ವಾ, 76ಕ್ಕೆ ಕಡಿಮೆ ಇಲ್ಲದಿದ್ದರೆ ಮೊದಲ ದರ್ಜೆಯ ಸೋಪು ಅನ್ನುವುದು ನಿಜ. ಆದರೆ ಆ ಅಂಕಿ ಹೇಳುವುದು ಸೋಪಿನಲ್ಲಿ ಕೊಬ್ಬಿನಾಂಶ ಎಷ್ಟು ಅಂತ ಮಾತ್ರ, ಪಿಎಚ್ ವಿಷಯದಲ್ಲಿ ಏನೂ ಬದಲಾಗದು. ನೊರೆ ಚೆನ್ನಾಗಿ ಬರುವ ಅನೇಕ ಫೇಸ್‌ವಾಶ್‌ಗಳಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟ್ ಇನ್ನೊಂದು. ಚರ್ಮ ಕೆರಳುವುದು ಹೇಗೆ ಅಂತ ಪರೀಕ್ಷಿಸುವ ವಿಜ್ಞಾನಿಗಳು ಬೇಕಂತಲೇ ಚರ್ಮ ಕೆರಳಿಸಬೇಕಾದಾಗ ಹಚ್ಚುವುದು ಇದನ್ನೇ! ಅದನ್ನು ನಾವು ದಿನಕ್ಕೆ ಎರಡು ಸಲ ದುಡ್ಡು ಕೊಟ್ಟು ಉಜ್ಜಿಕೊಳ್ಳುತ್ತೇವೆ.

ಹಾಗಾಗಿ ಬೆಳಿಗ್ಗೆ ಬರೀ ನೀರು ಸಾಕು. ರಾತ್ರಿ ನೊರೆ ಬರದ, ವಾಸನೆ ಇಲ್ಲದ ಮೆದು ಕ್ಲೆನ್ಸರ್ ಸ್ವಲ್ಪ ತಗೊಂಡು ಬೆರಳ ತುದಿಯಲ್ಲಿ ಸವರಿ ತೊಳೆಯಿರಿ. ತೊಳೆದ ಮೇಲೆ ಚರ್ಮ ಕಿರ್ ಅನ್ನುವಷ್ಟು ಶುಭ್ರ ಆಗಿದ್ದರೆ ಜಿಡ್ಡೆಲ್ಲ ಹೋಯಿತು ಅಂತಲೇ ಅರ್ಥ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ, ಬಯಲುಸೀಮೆಯ ಊರುಗಳಲ್ಲಿ ಬರುವುದು ಬೋರ್‌ವೆಲ್‌ನ ಗಡಸು ನೀರು. ಅದರ ಸುಣ್ಣದಂಶ ಸೋಪಿನ ಜೊತೆ ಸೇರಿ ಬಕೆಟ್‌ಗೆ ಅಂಟುವ ಬಿಳಿ ಪೊರೆಯಾಗುತ್ತದೆ ನೋಡಿ, ಮುಖದ ಮೇಲೂ ಅದೇ ಕೂರುತ್ತದೆ. ಕೊನೆಯ ಸಲ ತೊಳೆಯಲು ಕುಡಿಯುವ ನೀರು ಒಂದು ಚೊಂಬು ಇಟ್ಟುಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ಟವೆಲ್‌ನಲ್ಲಿ ಒರೆಸಬೇಡಿ, ಒತ್ತಿ ತೆಗೆಯಿರಿ.

ಒಂದೇ ಒಂದು ಕ್ರೀಮ್

ಮುಖ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಸೆರಮೈಡ್, ಗ್ಲಿಸರಿನ್, ಪೆಟ್ರೊಲೇಟಂ (ಪೆಟ್ರೋಲಿಯಂ ಜೆಲ್ಲಿ) ಇರುವ, ಒಳಗಿನ ವಸ್ತುಗಳ ಪಟ್ಟಿ ಆದಷ್ಟು ಚಿಕ್ಕದಿರುವ ಕ್ರೀಮ್ ಆಗಲಿ. ಡಬ್ಬದ ಮೇಲೆ ‘ಫ್ರಾಗ್ರೆನ್ಸ್ ಫ್ರೀ’ ಅಂತ ಇರಬೇಕು. ‘ಅನ್‌ಸೆಂಟೆಡ್’ ಅಂತ ಇದ್ದರೆ ನಂಬಬೇಡಿ, ವಾಸನೆ ಮುಚ್ಚಲು ಇನ್ನೊಂದು ಪರಿಮಳ ಹಾಕಿರುವುದುಂಟು. ಲಿನಲೂಲ್, ಲಿಮೊನೀನ್, ಜೆರಾನಿಯಾಲ್ ಅಂತ ಓದಿದರೆ ಅವೂ ಪರಿಮಳಗಳೇ. ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಇರುವ ಕ್ರೀಮು ಒಡೆದ ಹಿಮ್ಮಡಿಗೆ ಸರಿ, ಈಗ ಮುಖಕ್ಕೆ ಬೇಡ.

ಬೆಲೆ ನೋಡಿ ಆರಿಸಬೇಕಿಲ್ಲ. ಉರಿ ಜಾಸ್ತಿ ಇರುವ ಕಡೆ ತೆಳ್ಳಗೆ ಹಚ್ಚಿದ ಬಿಳಿ ಪೆಟ್ರೋಲಿಯಂ ಜೆಲ್ಲಿ ದುಬಾರಿ ಸೀರಂಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಚರ್ಮದಿಂದ ನೀರು ಆರದಂತೆ ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಮಂಗಳೂರು, ಕಾರವಾರದ ಸೆಕೆಯಲ್ಲಿ ಅಂಟಂಟು ಅನ್ನಿಸಿದರೆ ರಾತ್ರಿ ಮಾತ್ರ ಹಚ್ಚಿ. ಚಳಿಗಾಲದ ಒಣಗಾಳಿಯಲ್ಲಿ ಬೀದರ್, ಕಲಬುರಗಿಯವರು ಹಗಲೂ ಹಚ್ಚಬಹುದು. ಕೊಬ್ಬರಿ ಎಣ್ಣೆ? ಮೈಗೆ ಸರಿ, ಮೊಡವೆ ಬರುವ ಮುಖಕ್ಕೆ ಬೇಡ. ಆಲಿವ್ ಎಣ್ಣೆಯಲ್ಲಿ ಓಲಿಕ್ ಆಮ್ಲ ಜಾಸ್ತಿ, ಅದು ಹಾಳಾದ ಪದರವನ್ನು ಇನ್ನಷ್ಟು ಸಡಿಲ ಮಾಡುತ್ತದೆ. ಗುಲಾಬಿ ಬಣ್ಣದ ಕ್ಯಾಲಮೈನ್ ಲೋಶನ್ ತುರಿಕೆಗೆ ಒಳ್ಳೆಯದು, ಆದರೆ ಅದು ಒಣಗಿಸುತ್ತದೆ. ಹೊಟ್ಟು ಏಳುತ್ತಿರುವ ಮುಖಕ್ಕೆ ನಾನಂತೂ ಹೇಳುವುದಿಲ್ಲ.

ಹೊಸ ಮಾಯಿಶ್ಚರೈಸರ್ ಹಚ್ಚಿದಾಗ ಅರೆ ನಿಮಿಷ ಸಣ್ಣಗೆ ಚುರುಗುಟ್ಟಿ ಹೋದರೆ ಹೆದರಬೇಡಿ. ಐದು ನಿಮಿಷವಾದರೂ ಉರಿಯುತ್ತಲೇ ಇದ್ದರೆ ತೊಳೆದು ಪೆಟ್ರೋಲಿಯಂ ಜೆಲ್ಲಿಗೆ ಬನ್ನಿ.

ಅಡುಗೆಮನೆಯ ಔಷಧಗಳು

ನಿಂಬೆರಸದ ಪಿಎಚ್ ಸುಮಾರು 2. ಆಸಿಡ್‌ನಿಂದ ಸುಟ್ಟ ಮುಖಕ್ಕೆ ಇನ್ನೊಂದು ಆಸಿಡ್ ಯಾಕೆ? ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆಯೂ ಏಳಬಹುದು. ಟೂತ್‌ಪೇಸ್ಟ್ ಬೇಡವೇ ಬೇಡ. ಅರಿಶಿನ ಕೆಲವರಿಗೆ ಅಲರ್ಜಿ, ಮೊಸರಲ್ಲೂ ಲ್ಯಾಕ್ಟಿಕ್ ಆಸಿಡ್ ಇದೆ. ಅಂಗಳದ ಲೋಳೆಸರ ಕಿತ್ತು ಹಚ್ಚುವವರು ಒಂದು ವಿಷಯ ಗಮನಿಸಿ: ಸಿಪ್ಪೆಯ ಕೆಳಗಿಂದ ಒಸರುವ ಹಳದಿ ರಸವೇ ತುರಿಕೆ ತರಿಸುತ್ತದೆ. ಕುಯ್ದ ಎಲೆಯನ್ನು ನಿಲ್ಲಿಸಿ ಅದು ಪೂರ್ತಿ ಇಳಿದುಹೋಗಲು ಬಿಟ್ಟು, ತೊಳೆದು, ನಡುವಿನ ಲೋಳೆಯನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಬೇಕು. ಅಡುಗೆಮನೆಯಿಂದ ಏನಾದರೂ ತರಲೇಬೇಕು ಅನ್ನಿಸಿದರೆ ನನ್ನ ಓಟು ಓಟ್ಸ್‌ಗೆ. ನುಣ್ಣಗೆ ಪುಡಿ ಮಾಡಿ ತಣ್ಣೀರಲ್ಲಿ ಕಲಸಿ, ಆ ಹಾಲಿನಂಥ ನೀರಲ್ಲಿ ಬಟ್ಟೆ ಅದ್ದಿ ಹಾಕಿಕೊಳ್ಳಿ. ಉಜ್ಜಬೇಡಿ.

ಬಿಸಿಲು

ಕೆರಳಿದ ಚರ್ಮಕ್ಕೆ ಬಿಸಿಲು ತಾಗಿದರೆ ಕಲೆ ಗಟ್ಟಿಯಾಗುತ್ತದೆ. ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಉಳಿದವಕ್ಕಿಂತ ಕಡಿಮೆ ಉರಿಸುತ್ತದೆ. ನಮ್ಮ ಮುಖಕ್ಕೆ ಬೂದಿ ಬಳಿದ ಹಾಗೆ ಕಾಣುತ್ತದೆ, ನಿಜ. ಅದೂ ಉರಿದರೆ ಕೊಡೆ ಹಿಡಿಯಿರಿ, ದುಪಟ್ಟಾ ಹೊದೆಯಿರಿ, ಹತ್ತರಿಂದ ನಾಲ್ಕರವರೆಗೆ ಆದಷ್ಟು ಒಳಗಿರಿ.

ಮೆಡಿಕಲ್ ಶಾಪಿನ ಆ ಟ್ಯೂಬ್

ಇದನ್ನು ಸ್ವಲ್ಪ ನಿಧಾನವಾಗಿ ಓದಿ. 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ಇಬ್ಬರು ಚರ್ಮವೈದ್ಯರು ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟಿರಾಯ್ಡ್ ಸೇರಿಸಿ ಕಲೆ ತೆಗೆಯುವ ಮಿಶ್ರಣ ಮಾಡಿದರು. ಡಾಕ್ಟರ ಕಣ್ಗಾವಲಿನಲ್ಲಿ ಸ್ವಲ್ಪ ಕಾಲ ಬಳಸುವ ಔಷಧ ಅದು. ನಮ್ಮಲ್ಲಿ ಅದರ ತಮ್ಮಂದಿರು ಬೆಳ್ಳಗಾಗುವ ಕ್ರೀಮ್ ಅಂತ ಮನೆಮನೆ ಸೇರಿಕೊಂಡರು. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್, ಈ ಹೆಸರುಗಳು ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಇವೆಯಾ ನೋಡಿ. ಇದ್ದರೆ ಅದು ಸ್ಟಿರಾಯ್ಡ್. ಉರಿಯುವ ಮುಖಕ್ಕೆ ಹಚ್ಚಿದರೆ ಒಂದೇ ದಿನದಲ್ಲಿ ತಣ್ಣಗಾಗುತ್ತದೆ, ಅಪಾಯ ಇರುವುದೇ ಅಲ್ಲಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಮುಖದಲ್ಲಿ ಕೂದಲು ಬರುತ್ತದೆ, ನಿಲ್ಲಿಸಿದ ಕೂಡಲೇ ಮೊದಲಿಗಿಂತ ಹೆಚ್ಚು ಉರಿ. ಹಾಗಾಗಿ ಮತ್ತೆ ಅದನ್ನೇ ಹಚ್ಚುತ್ತಾರೆ. ಈ ಸ್ಥಿತಿಗೆ ನಮ್ಮ ದೇಶದ ಚರ್ಮವೈದ್ಯರು ‘ಟಾಪಿಕಲ್ ಸ್ಟಿರಾಯ್ಡ್ ಡ್ಯಾಮೇಜ್ಡ್ ಫೇಸ್’ (ಸ್ಟಿರಾಯ್ಡ್ ಹಚ್ಚಿ ಹಾಳಾದ ಮುಖ) ಅಂತಲೇ ಹೆಸರಿಟ್ಟಿದ್ದಾರೆ. 2018ರಿಂದ ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ಕೇಳಿದರೆ ಸಿಗುತ್ತದೆ ಅನ್ನುವುದು ಬೇರೆ ಮಾತು.

ನಿಮ್ಮ ಉರಿ ಇಂಥ ಕ್ರೀಮ್ ಬಿಟ್ಟ ಮೇಲೆ ಶುರುವಾಗಿದ್ದರೆ ಈ ಲೇಖನದ ಭರವಸೆಯಲ್ಲಿ ಕೂರಬೇಡಿ, ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಜಿಲ್ಲಾಸ್ಪತ್ರೆಯಲ್ಲೂ ತೋರಿಸಬಹುದು.

ಇವಕ್ಕೂ ಡಾಕ್ಟರೇ ಬೇಕು: ಬೊಬ್ಬೆ, ನೀರು ಒಸರುವುದು, ಜೇನಿನ ಬಣ್ಣದ ಹಕ್ಕಳೆ, ಜ್ವರ, ಕಣ್ಣು ಮುಚ್ಚುವಷ್ಟು ಊತ. ತುಟಿ ನಾಲಿಗೆ ದಪ್ಪಗಾಗಿ ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಎಲ್ಲ ನಿಲ್ಲಿಸಿ ಎರಡು ವಾರವಾದರೂ ಕಡಿಮೆಯಾಗದಿದ್ದರೂ ತೋರಿಸಿ.

ಉರಿಗಿಂತ ತುರಿಕೆಯೇ ಜಾಸ್ತಿ, ಅದೂ ಹಚ್ಚಿದ ಒಂದರಿಂದ ಮೂರು ದಿನಗಳ ಮೇಲೆ ಶುರುವಾಯಿತು ಅಂದರೆ ಅಲರ್ಜಿ ಇರಬಹುದು. ಹೇರ್ ಡೈ ಹಚ್ಚಿದ ಮೇಲೆ ಹಣೆಯ ಅಂಚು, ಕಿವಿ, ರೆಪ್ಪೆ ಊದಿಕೊಳ್ಳುವುದು ಇದಕ್ಕೆ ಒಳ್ಳೆಯ ಉದಾಹರಣೆ. ಕೆರಳಿಕೆಯಾದರೆ ಅದೇ ವಸ್ತುವನ್ನು ಮುಂದೆ ಕಡಿಮೆ ಮಾಡಿ ಬಳಸಬಹುದು, ಅಲರ್ಜಿಯಾದರೆ ಮತ್ತೆ ಮುಟ್ಟುವಂತಿಲ್ಲ.

ಮತ್ತೆ ಶುರು ಮಾಡುವಾಗ

ನೀರು ತಾಗಿದರೆ ಉರಿ ಇಲ್ಲ, ಹೊಟ್ಟು ಇಲ್ಲ, ಬಿಗಿತ ಇಲ್ಲ ಅನ್ನುವ ಸ್ಥಿತಿ ಬಂದ ಮೇಲೂ ಎರಡು ವಾರ ಬಿಡಿ. ಆಮೇಲೆ ಒಂದೇ ಒಂದು ಬಾಟಲಿ ಹೊರಗೆ ತೆಗೆಯಿರಿ. ಮೊಣಕೈ ಒಳಭಾಗದಲ್ಲಿ ಒಂದೇ ಜಾಗಕ್ಕೆ ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡಿ. ಒಂದು ದಿನದ ಪರೀಕ್ಷೆ ಸಾಲದು, ಕೆಲವು ಅಲರ್ಜಿ ನಿಧಾನಕ್ಕೆ ಏಳುತ್ತದೆ. ರೆಟಿನಾಲ್ ಅಂತ ಆದರೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಬಟಾಣಿ ಕಾಳಿನಷ್ಟು ರೆಟಿನಾಲ್, ವಾರಕ್ಕೆ ಎರಡೇ ರಾತ್ರಿ. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಅದನ್ನು ಮುಟ್ಟಲೇಬೇಡಿ. ಎರಡನೇ ಬಾಟಲಿಗೆ ಕನಿಷ್ಠ ಎರಡು ವಾರ ಕಾಯಿರಿ, ಇಲ್ಲದಿದ್ದರೆ ಮತ್ತೆ ಉರಿದಾಗ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ. ಮನೆಯಲ್ಲಿ ಮದುವೆ ಇದೆ ಅಂತಿದ್ದರೆ ಹೊಸ ಫೇಶಿಯಲ್, ಹೊಸ ಸೀರಂ ಎಲ್ಲವನ್ನೂ ತಿಂಗಳ ಮೊದಲೇ ಮಾಡಿ ನೋಡಿ, ರೆಟಿನಾಲ್ ಹಚ್ಚುತ್ತಿದ್ದರೆ ವ್ಯಾಕ್ಸಿಂಗ್‌ಗೆ ಒಂದು ವಾರ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ಮೇಣದ ಜೊತೆ ಚರ್ಮವೂ ಎದ್ದು ಬರುತ್ತದೆ.