ಗಾಜು ತೊಳೆಯುವ ನೀರು: ಮಷಿನ್ ಕೊಳ್ಳುವ ಮೊದಲು ನೀರು ಅಳೆಯಿರಿ

ನಮ್ಮ ಟೆರೇಸ್ ಮೇಲೆ ಹಳೇ ಶೋಕೇಸಿನ ಒಂದು ಗಾಜಿನ ತುಂಡು ಇದೆ. ಅದರ ಮೇಲೆ ಮಾರ್ಕರ್‌ನಲ್ಲಿ ನಾಲ್ಕು ಚೌಕ ಎಳೆದಿದ್ದೇನೆ. ಕಾವೇರಿ, ಬೋರ್, ಟ್ಯಾಂಕರ್, ಮಳೆ. ಹೊಸ ಹುಡುಗರು ಕೆಲಸಕ್ಕೆ ಸೇರಿದ ದಿನ ಒಂದೊಂದು ಚೌಕಕ್ಕೆ ಒಂದೊಂದು ಹನಿ ಹಾಕಿಸಿ, ಬಿಸಿಲಲ್ಲಿ ಒಣಗೋಕೆ ಬಿಡುತ್ತೇನೆ. ಕಾಫಿ ಕುಡಿದು ಮೇಲೆ ಬಂದರೆ ಬೋರ್ ಚೌಕದಲ್ಲಿ ಸುಣ್ಣ ಹಚ್ಚಿದಂತೆ ಒಂದು ಉಂಗುರ. ಟ್ಯಾಂಕರಿನದ್ದೂ ಹೆಚ್ಚುಕಡಿಮೆ ಹಾಗೇ. ಕಾವೇರಿಯದ್ದು ತೆಳ್ಳಗೆ ಬಿಳಿ ಗುರುತು. ಮಳೆ ಹನಿ ಎಲ್ಲಿ ಬಿದ್ದಿತ್ತು ಅಂತ ಹುಡುಕಬೇಕು. ನೀರು ಆರಿ ಹೋಗುತ್ತದೆ, ನೀರಿನಲ್ಲಿದ್ದ ಉಪ್ಪು ಗಾಜಿನ ಮೇಲೇ ಕೂರುತ್ತದೆ.

ನಾನು ಹನ್ನೊಂದು ವರ್ಷ ಔಟರ್ ರಿಂಗ್ ರೋಡ್‌ನ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ. 2019ರಿಂದ ಕಟ್ಟಡಗಳ ಗಾಜು ತೊಳೆಯುವ ಸ್ವಂತ ಕೆಲಸ. ನಾನು, ತಮ್ಮ, ಇಬ್ಬರು ಹುಡುಗರು, ಒಂದು ಟಾಟಾ ಏಸ್ ಗಾಡಿ. ಕಾಮಾಕ್ಷಿಪಾಳ್ಯದ 30x40 ಸೈಟಿನ ಮನೆಯೇ ನಮ್ಮ ಗೋಡೌನ್. ಈ ಕೆಲಸಕ್ಕೆ ಹೊಸದಾಗಿ ಬಂದವರು ಫೋನ್ ಮಾಡಿ, "ಅಕ್ಕಾ, ನೀರು ಶುದ್ಧ ಮಾಡೋಕೆ ಯಾವ ಮಷಿನ್ ತಗೊಳ್ಳಲಿ?" ಅಂತ ಕೇಳುತ್ತಾರೆ. ನಾನು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ನಿಮಗೆ ಸಿಗುವ ನೀರು ಯಾವುದು? ದಿನಕ್ಕೆ ಎಷ್ಟು ಲೀಟರ್ ಬೇಕು? ಇವೆರಡು ಗೊತ್ತಾದರೆ ಮಷಿನ್ ಯಾವುದು ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಬಕೆಟ್, ಸೋಪ್ ನೀರು, ರಬ್ಬರ್ ವೈಪರ್, ಬಟ್ಟೆ ಹಿಡಿದು ಕೈಯಲ್ಲೇ ಮಾಡುವ ಕೆಲಸ ನಿಮ್ಮದಾದರೆ ಯಾವ ಮಷಿನ್ನೂ ಬೇಡ. ನೀರನ್ನು ನೀವೇ ಎಳೆದು ತೆಗೆಯುತ್ತೀರಿ, ಆರೋಕೆ ಹನಿಯೇ ಉಳಿಯೋದಿಲ್ಲ. ಶುದ್ಧ ನೀರು ಬೇಕಾಗುವುದು ಉದ್ದನೆ ಪೋಲ್ ಕೆಲಸಕ್ಕೆ. ಕೆಳಗೆ ನಿಂತು, ತುದಿಯ ಬ್ರಷ್‌ನಿಂದ ಎರಡನೇ, ಮೂರನೇ ಮಹಡಿ ಗಾಜು ಉಜ್ಜಿ, ನೀರು ಬಿಟ್ಟು ಹಾಗೇ ಬರುತ್ತೇವೆ. ಒರೆಸುವವರು ಯಾರೂ ಇರೋದಿಲ್ಲ. ಸೋಲಾರ್ ಪ್ಯಾನೆಲ್ ತೊಳೆಯೋಕೂ ಇದೇ ನೀರು ಒಳ್ಳೆಯದು.

ಈಗ ಅಳತೆ. ಎಸ್.ಪಿ. ರೋಡಿನಲ್ಲಿ ಪೆನ್ ಥರದ ಟಿಡಿಎಸ್ ಮೀಟರ್ ಸಿಗುತ್ತದೆ, ಕೆಲವು ನೂರು ರೂಪಾಯಿ. ಮೊದಲು ಅದನ್ನು ತನ್ನಿ. ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಉಪ್ಪು, ಖನಿಜ ಕರಗಿದೆ ಅಂತ ಅದು ಅಂದಾಜಾಗಿ ತೋರಿಸುತ್ತದೆ. ನಮ್ಮ ಮನೆ ಕಾವೇರಿ ನಲ್ಲಿಯಲ್ಲಿ 210 ಬಂತು. ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟ್ ಬೋರ್‌ನಲ್ಲಿ 1,050. ಟ್ಯಾಂಕರ್ ನೀರು ಒಂದು ವಾರ 640 ಇತ್ತು, ಮುಂದಿನ ವಾರ 1,180. ಟ್ಯಾಂಕರಿನವರು ಯಾವ ಬೋರ್‌ನಿಂದ ತುಂಬಿಸಿದರು ಅನ್ನೋದರ ಮೇಲೆ ಹೋಗುತ್ತದೆ. ಹಾಗಾಗಿ ಒಂದು ಸಲ ಅಳೆದು ಬಿಡಬೇಡಿ, ಒಂದು ತಿಂಗಳು ಅಳೆದು ಬರೆದಿಡಿ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಟಿಡಿಎಸ್ 500ರ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 2,000ದವರೆಗೆ ನಡೆಯುತ್ತದೆ. ಗಾಜಿಗೆ ಆ ಲೆಕ್ಕ ಸಾಲದು. ಗಾಜಿನ ಮೇಲೆ ಬಿಟ್ಟು ಬರುವ ನೀರು 0 ಇರಬೇಕು. 10ರವರೆಗೆ ಪರವಾಗಿಲ್ಲ. ಅದರ ಮೇಲೆ ಹೋದರೆ ನಾನು ಪೋಲ್ ಎತ್ತೋದಿಲ್ಲ.

ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ವಿಷಯ ಸ್ವಲ್ಪ ಬಿಡಿಸಿ ಹೇಳಲೇಬೇಕು. ಶುರುವಿನಲ್ಲಿ ನನಗೆ ಸಾಮಾನು ಕೊಟ್ಟವರು, "ಸಾಫ್ಟ್‌ನರ್ ನೀರಿದ್ದರೆ ಸಾಕು ಮೇಡಂ" ಅಂದಿದ್ದರು. ನಂಬಿದೆ. ನಾಲ್ಕು ಮಹಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಅವರದ್ದೇ ಸಾಫ್ಟ್‌ನರ್ ನೀರು ಹಿಡಿದು ಪೂರ್ತಿ ಕಟ್ಟಡ ತೊಳೆದೆವು. ಮಾರನೇ ದಿನ ಬೆಳಗ್ಗೆ ಫೋನ್ ಬಂತು. ಹೋಗಿ ನೋಡಿದರೆ, ಎಳೆ ಬಿಸಿಲು ಬಿದ್ದ ಪೂರ್ವದ ಕಡೆ ಒಂದೊಂದು ಗಾಜಿನ ಮೇಲೂ ಬಿಳಿ ಧಾರೆ. ನನಗೆ ಕಣ್ಣಲ್ಲಿ ನೀರು ಬಂತು. ಎರಡು ದಿನ ನಾಲ್ಕು ಜನ ಬಾಲ್ಕನಿಯಿಂದ ಬಾಲ್ಕನಿಗೆ ಹೋಗಿ ಕೈಯಲ್ಲಿ ಒರೆಸಿ ಕೊಟ್ಟೆವು. ಹಣ ಕೇಳಲಿಲ್ಲ.

ಆಗಿದ್ದು ಇಷ್ಟು. ಸಾಫ್ಟ್‌ನರ್ ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಸೋಪ್ ನೊರೆ ಬರುತ್ತದೆ, ಗೀಸರ್ ಕಾಯಿಲ್‌ಗೆ ಕಲ್ಲು ಕಟ್ಟೋದಿಲ್ಲ. ಆದರೆ ಒಟ್ಟು ಉಪ್ಪು ಕಮ್ಮಿ ಆಗೋದಿಲ್ಲ. ಒಳಗೆ ಹೋಗುವ ನೀರು 1,050 ಇದ್ದರೆ ಹೊರಗೆ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಅವತ್ತು ನನ್ನ ಹತ್ತಿರ ಮೀಟರ್ ಇದ್ದಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಉಪ್ಪು ತೆಗೆಯೋಕೆ ನಮ್ಮ ಕೆಲಸಕ್ಕೆ ಒದಗುವುದು ಎರಡೇ ದಾರಿ. ಒಂದು ಆರ್‌ಒ. ಮೆಂಬ್ರೇನ್ ಅನ್ನೋ ತೆಳು ಪೊರೆಯ ಮೂಲಕ ನೀರನ್ನು ಒತ್ತಿ ಕಳಿಸುತ್ತದೆ, ಚೆನ್ನಾಗಿದ್ದರೆ 95 ಪರ್ಸೆಂಟಿಗಿಂತ ಜಾಸ್ತಿ ಉಪ್ಪು ತಡೆಯುತ್ತದೆ, ತಡೆದ ಉಪ್ಪಿನ ಜೊತೆ ಉಳಿದ ನೀರು ರಿಜೆಕ್ಟ್ ಆಗಿ ಬೇರೆ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಇನ್ನೊಂದು ಡಿಐ ರೆಸಿನ್. ಕರಗಿದ ಉಪ್ಪನ್ನು ಹಿಡಿದಿಟ್ಟುಕೊಳ್ಳುವ, ಸಾಸಿವೆಗಿಂತ ಚಿಕ್ಕ ಮಣಿಗಳು ತುಂಬಿದ ಸಿಲಿಂಡರ್. ಎರಡು ಬಗೆಯ ಮಣಿ ಬೆರೆಸಿದ್ದು ಬೇಕು, ಮಿಕ್ಸೆಡ್ ಬೆಡ್ ಅಂತ ಕೇಳಿ ತಗೊಳ್ಳಿ. ಕರೆಂಟ್ ಬೇಡ, ಒಂದು ಹನಿ ಪೋಲಾಗೋದಿಲ್ಲ, ಟಿಡಿಎಸ್ ನೇರ ಸೊನ್ನೆಗೆ ಇಳಿಯುತ್ತದೆ. ಆದರೆ ಉಪ್ಪು ಹಿಡಿದು ಹಿಡಿದು ರೆಸಿನ್ ತೀರಿ ಹೋಗುತ್ತದೆ.

ಎಷ್ಟು ಬೇಗ ತೀರುತ್ತದೆ ಅನ್ನೋದಕ್ಕೆ ನಾನು ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದೇನೆ. 25,000ವನ್ನು ನಿಮ್ಮ ನೀರಿನ ಟಿಡಿಎಸ್‌ನಿಂದ ಭಾಗಿಸಿ. ಒಂದು ಲೀಟರ್ ರೆಸಿನ್ ಸುಮಾರು ಅಷ್ಟು ಲೀಟರ್ ನೀರು ಕೊಡುತ್ತದೆ. ನಮ್ಮ ಕಾವೇರಿ ನೀರು 210 ಅಲ್ವಾ, ಲೀಟರ್ ರೆಸಿನ್‌ಗೆ ಸುಮಾರು 120 ಲೀಟರ್. 25 ಲೀಟರ್ ಸಿಲಿಂಡರ್‌ಗೆ 3,000. ನಮಗೆ ದಿನಕ್ಕೆ 400 ಲೀಟರ್ ಬೇಕು (ಒಂದು ಪೋಲ್ ನಿಮಿಷಕ್ಕೆ ಒಂದೂವರೆ ಲೀಟರ್ ಕುಡಿಯುತ್ತದೆ), ಅಂದರೆ ಒಂದು ವಾರಕ್ಕೆ ರೆಸಿನ್ ಮುಗಿಯಿತು. ಅದೇ 1,050ರ ಬೋರ್ ನೀರಾದರೆ ಒಂದೂವರೆ ದಿನ! ಈಗ ಮುಂದೆ ಒಂದು ಆರ್‌ಒ ಇಡಿ. ಕಾವೇರಿ ನೀರು 8ಕ್ಕೆ ಇಳಿದು ರೆಸಿನ್‌ಗೆ ಹೋಗುತ್ತದೆ. ಅದೇ ಸಿಲಿಂಡರ್ ಆರು ತಿಂಗಳು ಬರುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗೆ. ವಾರಕ್ಕೆ ಒಂದೋ ಎರಡೋ ಮನೆ, ಅದೂ ಕಾವೇರಿ ನೀರು ಅಂದರೆ ರೆಸಿನ್ ಒಂದೇ ಸಾಕು, ಸಾಲ ಮಾಡಿ ಆರ್‌ಒ ಕೊಳ್ಳಬೇಡಿ. ದಿನಾ ಕೆಲಸ ಇದ್ದರೆ, ಇಲ್ಲವೇ ನೀರು 300 ದಾಟಿದರೆ, ಮೊದಲು ಆರ್‌ಒ, ಆಮೇಲೆ ರೆಸಿನ್. ಸುಮ್ನೆ ದೊಡ್ಡ ಪ್ಲಾಂಟ್‌ಗೆ ಹೋಗಬೇಡಿ. ಮೆಂಬ್ರೇನ್ ಅಳತೆಯನ್ನು ಜಿಪಿಡಿ ಅಂತ ಹೇಳುತ್ತಾರೆ, ದಿನಕ್ಕೆ ಎಷ್ಟು ಗ್ಯಾಲನ್ ಅಂತ. 400 ಜಿಪಿಡಿ ಅಂದರೆ ಗಂಟೆಗೆ 63 ಲೀಟರ್. ನಮಗೆ ನಿಜವಾಗಿ ಸಿಗುವುದು 50. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಗ್ಗೆ ಆರಕ್ಕೆ 400 ಲೀಟರ್ ರೆಡಿ. ಅಡುಗೆಮನೆ ಆರ್‌ಒ 75 ಜಿಪಿಡಿಯದ್ದು, ಅದರಿಂದ ಗಂಟೆಗೆ ಹನ್ನೆರಡು ಲೀಟರ್ ಮಾತ್ರ. ಜೊತೆಗೆ ಅದರಲ್ಲಿ ರುಚಿಗೆ ಅಂತ ಟಿಡಿಎಸ್ ಕಂಟ್ರೋಲರ್ ಇಟ್ಟು ಸ್ವಲ್ಪ ಉಪ್ಪು ವಾಪಸ್ ಬೆರೆಸಿರುತ್ತಾರೆ. ಗಾಜಿಗೆ ಅದು ಆಗೋದಿಲ್ಲ.

ನೀರು ಆರ್‌ಒಗೆ ಹೋಗುವ ಮೊದಲು ಮಣ್ಣು, ಕಸ ತಡೆಯೋಕೆ 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ತೆಗೆಯೋಕೆ ಕಾರ್ಬನ್ ಫಿಲ್ಟರ್ ಎರಡೂ ಬೇಕು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಮೆಂಬ್ರೇನ್ ತಿಂದು ಹಾಕುತ್ತದೆ. ಬೋರ್ ನೀರಿಗೆ ತೊಂದರೆ ಬೇರೆ, ಗಡಸುತನದಿಂದ ಮೆಂಬ್ರೇನ್ ಮೇಲೆ ಕಲ್ಲು ಕಟ್ಟುತ್ತದೆ. ಸಾಫ್ಟ್‌ನರ್‌ಗೆ ಇಲ್ಲಿ ಕೆಲಸ ಇದೆ. ಆರ್‌ಒಗಿಂತ ಮೊದಲು ಇಟ್ಟರೆ ಮೆಂಬ್ರೇನ್ ಬಾಳಿಕೆ ಬರುತ್ತದೆ.

ಬೋರ್ ನೀರಿನಲ್ಲಿ ಇನ್ನೊಂದು ಕಳ್ಳ ಇದ್ದಾನೆ, ಸಿಲಿಕಾ. ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ, ನಮ್ಮ ಊರಿನ ಅಡಿಯೆಲ್ಲಾ ಅಂಥದ್ದೇ ಕಲ್ಲು. ಅದರ ಸಂದಿಯಲ್ಲಿ ನಿಂತ ನೀರಿಗೆ ಸಿಲಿಕಾ ಕರಗಿ ಬರುತ್ತದೆ. ಇದು ಟಿಡಿಎಸ್ ಮೀಟರ್‌ಗೆ ಸರಿಯಾಗಿ ಕಾಣಿಸೋದಿಲ್ಲ. ರೆಸಿನ್ ತೀರುತ್ತಾ ಬಂದಾಗ ಮೊದಲು ಜಾರಿ ಹೋಗುವುದೂ ಇದೇ. ಕಲೆ ಕೂತರೆ ತೆಗೆಯೋಕೆ ಬಹಳ ಕಷ್ಟ. ಹಾಗಾಗಿ ಬೋರ್ ನೀರಿಗೆ ಬರೀ ರೆಸಿನ್ ಬೇಡವೇ ಬೇಡ. ಮೀಟರ್ 10 ತೋರಿಸುವವರೆಗೂ ಕಾಯದೆ, 2ಕ್ಕೋ 3ಕ್ಕೋ ಏರಿದಾಗಲೇ ರೆಸಿನ್ ಬದಲಿಸಿ. ತೀರಿದ ರೆಸಿನ್‌ನಿಂದ ಮೀನಿನ ಥರ ವಾಸನೆ ಬರುವುದೂ ಉಂಟು. ಅದನ್ನು ಮನೆಯಲ್ಲೇ ಆಸಿಡ್ ಹಾಕಿ ಸರಿ ಮಾಡೋಕೆ ಹೋಗಬೇಡಿ.

ರಿಜೆಕ್ಟ್ ನೀರಿನ ಬಗ್ಗೆ ನನಗೆ ತುಂಬಾ ಸಂಕಟ ಇತ್ತು. ಟಿ.ಕೆ. ಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ತಂದ ಕಾವೇರಿ ನೀರು ಅದು. 2024ರ ಮಾರ್ಚ್‌ನಲ್ಲಿ ನೀರಿಲ್ಲದೆ ಊರೇ ಒದ್ದಾಡಿತು. ಕಾರು ತೊಳೆಯೋಕೆ, ಗಿಡಕ್ಕೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಪಕ್ಕದ ಬೀದಿಯವರು ಕೊಡ ಹಿಡಿದು ನಿಂತಿರುವಾಗ ನಾನು ಗಾಜಿಗೆ ಅಂತ ಅರ್ಧ ನೀರು ಮೋರಿಗೆ ಬಿಡೋದು ಹೇಗೆ? ಆ ಎರಡು ತಿಂಗಳು ಪೋಲ್ ಕೆಲಸ ನಿಲ್ಲಿಸಿ, ಬಕೆಟ್ ಮತ್ತು ವೈಪರ್‌ನಲ್ಲೇ ನಡೆಸಿದೆವು.

ಈಗ ರಿಜೆಕ್ಟ್ ಪೈಪ್ ಒಂದು ಡ್ರಮ್ಮಿಗೆ ಹೋಗುತ್ತದೆ. ಅರ್ಧಕ್ಕರ್ಧ ರಿಜೆಕ್ಟ್ ಆದರೆ 210ರ ಕಾವೇರಿ ನೀರು ಸುಮಾರು 400 ಆಗುತ್ತದೆ. ಇದು ಎಷ್ಟೋ ಬೋರ್ ನೀರಿಗಿಂತ ಮೇಲು. ಟಾಯ್ಲೆಟ್‌ಗೆ, ನೆಲ ಒರೆಸೋಕೆ, ಬ್ರಷ್ ಮತ್ತು ಬಟ್ಟೆ ತೊಳೆಯೋಕೆ ಆಗುತ್ತದೆ. ಬೋರ್ ನೀರಿನ ರಿಜೆಕ್ಟ್ 2,000 ದಾಟಬಹುದು. ಅದನ್ನು ಗಿಡಕ್ಕೆ ಹಾಕಬೇಡಿ, ಟಾಯ್ಲೆಟ್‌ಗೆ ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟ ಮಳೆ ನೀರು. ಸಾವಿರ ಚದರಡಿ ಟೆರೇಸ್ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 1,500 ಲೀಟರ್ ಹಿಡಿಯಬಹುದು. ಮೊದಲ ಹತ್ತು ನಿಮಿಷದ ನೀರು ಧೂಳು ತೊಳೆದು ಹೊರಗೆ ಹೋಗಲಿ. ಆಮೇಲಿನದ್ದು ಸೋಸಿ, ಮುಚ್ಚಿದ ಟ್ಯಾಂಕಿಗೆ ಬಿಡಿ. ನಮ್ಮಲ್ಲಿ ಅದರ ಟಿಡಿಎಸ್ 20 ಬರುತ್ತದೆ. ಆರ್‌ಒ ಬೇಡ, ರಿಜೆಕ್ಟ್ ಇಲ್ಲ, ನೇರ ರೆಸಿನ್‌ಗೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ನಾವು ಆರ್‌ಒ ಸ್ವಿಚ್ ಹಾಕುವುದೇ ಅಪರೂಪ. ಮಳೆ ಬಂದ ರಾತ್ರಿ ತಮ್ಮ ಟಾರ್ಚ್ ಹಿಡಿದು ಪೈಪ್ ತಿರುಗಿಸೋಕೆ ಓಡುತ್ತಾನೆ.

ಗಾಡಿ ಮೇಲೆ ಟ್ಯಾಂಕ್ ಇಡುವವರು ತೂಕ ನೋಡಿ. 500 ಲೀಟರ್ ಅಂದರೆ 500 ಕಿಲೋ, ಜೊತೆಗೆ ಜನ, ಪೋಲ್, ಪಂಪ್. ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗುತ್ತದೆ. ಹಗ್ಗ ಸಾಲದು, ಟ್ಯಾಂಕನ್ನು ಚಾಸಿಗೆ ಸೇರಿಸಿ ಬೋಲ್ಟ್ ಹಾಕಿಸಿ.

ಕೊನೆಗೆ ದಿನದ ಅಭ್ಯಾಸ. ನಿಂತಿದ್ದ ಆರ್‌ಒ ಶುರು ಮಾಡಿದಾಗ ಮೊದಲ ಕೆಲವು ನಿಮಿಷ ಟಿಡಿಎಸ್ ಜಾಸ್ತಿ ಇರುತ್ತದೆ. ಆ ನೀರು ರಿಜೆಕ್ಟ್ ಡ್ರಮ್ಮಿಗೆ ಬಿಡಿ, ರೆಸಿನ್ ಉಳಿಯುತ್ತದೆ. ನಮ್ಮ ಟ್ಯಾಂಕ್ ಪಕ್ಕ ಒಂದು ನೋಟ್‌ಬುಕ್ ನೇತು ಹಾಕಿದ್ದೇನೆ. ದಿನಾ ಬೆಳಗ್ಗೆ ಮೂರು ಅಂಕಿ: ಬಂದ ನೀರು, ಆರ್‌ಒ ಆದಮೇಲೆ, ರೆಸಿನ್ ಆದಮೇಲೆ. ಇವತ್ತಿನದ್ದು 214, 9, 0. ಮಧ್ಯದ ಅಂಕಿ 20 ದಾಟಿದ ದಿನ ಮೆಂಬ್ರೇನ್ ಕಡೆ ನೋಡಬೇಕು. ಆ ಪುಸ್ತಕ ಬರೆಯದೆ ಹುಡುಗರು ಗಾಡಿ ಸ್ಟಾರ್ಟ್ ಮಾಡೋದಿಲ್ಲ.