ಸೀತಾಳೆ ದಂಡೆಗೆ ಕೈಯಿಂದ ಪರಾಗಸ್ಪರ್ಶ ಮಾಡುವುದು ಹೇಗೆ?

ಮುಂಗಾರಿನ ಹೊತ್ತಿಗೆ ಮಲೆನಾಡಿನ ಮರಗಳಲ್ಲಿ ಗೊಂಚಲು ಇಳಿಬಿಡುವ ಆರ್ಕಿಡ್ ಆದ ಸೀತಾಳೆ ದಂಡೆಯನ್ನು ಕಾಡಿನಿಂದ ಕಿತ್ತು ತರಬೇಕಾಗಿಲ್ಲ. ಅಂಗಳದಲ್ಲಿರುವ ಗಿಡಗಳಿಂದಲೇ ಬೀಜ ಪಡೆಯಬಹುದು. ಆದರೆ ದಾಸವಾಳದಂತೆ ಇಲ್ಲಿಯೂ ಪುಡಿ ಪರಾಗವಿದೆಯೆಂದು ಭಾವಿಸಿ ಕುಂಚದಿಂದ ಸವರುವವರೇ ಹೆಚ್ಚು. ಅದರಿಂದ ಕಾಯಿ ಕಟ್ಟುವುದಿಲ್ಲ.

ಮೊದಲು, ಬೇರೆ ಬೇರೆ ಮೂಲದ ಎರಡು ಆರೋಗ್ಯವಂತ ಗಿಡಗಳನ್ನು ಆರಿಸಿ.

ಹೂ ಅರಳಿ ಎರಡು ಮೂರು ದಿನವಾದ ಮೇಲೆ ಅದರ ನಡುವಿನ ಮೋಟು ಕಂಬವನ್ನು ಭೂತಗನ್ನಡಿಯಲ್ಲಿ ನೋಡಿ. ತುದಿಯಲ್ಲಿ ಸಣ್ಣ ಟೊಪ್ಪಿಗೆಯಿದ್ದು, ಅದರೊಳಗೆ ಎರಡು ಹಳದಿ ಪರಾಗದುಂಡೆಗಳಿರುತ್ತವೆ. ಹೊಸ ಹಲ್ಲುಕಡ್ಡಿಯಿಂದ ಟೊಪ್ಪಿಗೆಯ ಅಂಚನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲನೆ ಎತ್ತಿದರೆ, ಅಂಟುಬಿಲ್ಲೆಯ ಸಮೇತ ಉಂಡೆಗಳು ಕಡ್ಡಿಗೆ ಹತ್ತಿಕೊಂಡು ಬರುತ್ತವೆ. ಕಿವಿ ಸ್ವಚ್ಛಗೊಳಿಸುವ ಹತ್ತಿಕಡ್ಡಿಯನ್ನು ಖಂಡಿತ ಬಳಸಬೇಡಿ. ಅದರ ಎಳೆಗಳಲ್ಲಿ ಉಂಡೆ ಸಿಕ್ಕಿಕೊಳ್ಳುತ್ತದೆ. ತಾಯಿಹೂವಿನ ಸ್ವಂತ ಉಂಡೆಗಳನ್ನು ಮೊದಲೇ ತೆಗೆದು, ಮತ್ತೊಂದು ಗಿಡದ ಉಂಡೆಗಳನ್ನು ಕಂಬದ ಕೆಳಮೈಯಲ್ಲಿರುವ ಹೊಳೆಯುವ, ಜಿಗುಟಾದ ಕುಳಿಗೆ ಒತ್ತಿ. ಹೂವಿನ ಕೆಳಗೆ ಚೀಲದಂತೆ ಉಬ್ಬಿದ ಭಾಗವೇ ಆ ಕುಳಿಯೆಂದು ತಿಳಿದು ಅದರೊಳಗೆ ಪರಾಗ ತುರುಕುವವರನ್ನು ಬಹಳ ನೋಡಿದ್ದೇನೆ. ಅದು ದುಂಬಿಯನ್ನು ಸೆಳೆಯುವ ಭಾಗ, ಗರ್ಭಕ್ಕೆ ಹೋಗುವ ದಾರಿಯಲ್ಲ.

ಒಂದು ಗೊಂಚಲಿನಲ್ಲಿ ಎರಡು ಹೂಗಳಿಗಿಂತ ಹೆಚ್ಚಿಗೆ ಆಸೆಪಡಬೇಡಿ, ಕಾಯಿ ಗಿಡವನ್ನು ಬಸವಳಿಸುತ್ತದೆ. ತಾಯಿಗಿಡದ ಹೆಸರನ್ನು ಮೊದಲು, ತಂದೆಯದನ್ನು ನಂತರ ಚೀಟಿಯಲ್ಲಿ ದಿನಾಂಕದೊಂದಿಗೆ ಬರೆದು ಹೂವಿನ ತೊಟ್ಟಿಗೆ ಕಟ್ಟಿ. ಪೆನ್ಸಿಲ್ಲೇ ಒಳ್ಳೆಯದು, ಪೆನ್ನಿನ ಶಾಯಿ ಮಳೆಗೆ ಉಳಿಯುವುದಿಲ್ಲ.

ಇದೇ ವಿಧಾನದಿಂದ ಸೀತಾಳೆಯನ್ನು ವಾಂಡಾದಂಥ ಬಳಗದ ಆರ್ಕಿಡ್‌ಗಳೊಂದಿಗೂ ಬೆರೆಸಬಹುದು. ಇಂಗ್ಲೆಂಡಿನಲ್ಲಿ ಜಾನ್ ಡಾಮಿನಿ ಬೆಳೆಸಿದ ಮೊದಲ ಆರ್ಕಿಡ್ ಮಿಶ್ರತಳಿ 1856ರಲ್ಲೇ ಹೂ ಬಿಟ್ಟಿತ್ತು. ಆದರೆ ಮಿಶ್ರತಳಿಯನ್ನು ಕಾಡಂಚಿನ ಮರಕ್ಕೆ ಕಟ್ಟಲೇಬಾರದು. ಕೀಟಗಳು ಅದರ ಪರಾಗವನ್ನು ಕಾಡಿನ ಗಿಡಗಳಿಗೆ ಒಯ್ದರೆ ಮೂಲ ತಳಿಯ ಶುದ್ಧತೆ ಕೆಡುತ್ತದೆ.

ಕಾಯಿ ಬಲಿಯಲು ತಿಂಗಳುಗಟ್ಟಲೆ ಬೇಕು. ಧೂಳಿನಷ್ಟು ಸಣ್ಣ ಬೀಜದಲ್ಲಿ ಆಹಾರದ ದಾಸ್ತಾನು ಇಲ್ಲದ್ದರಿಂದ, ಕಾಡಿನಲ್ಲಿ ಅದು ಶಿಲೀಂಧ್ರದ ನೆರವಿಲ್ಲದೆ ಮೊಳೆಯುವುದಿಲ್ಲ. ಮರದ ತೊಗಟೆಗೆ ಎರಚಿದ ಬೀಜದಲ್ಲಿ ಬಹುಪಾಲು ವ್ಯರ್ಥ. ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆತ ಮಾಧ್ಯಮದಲ್ಲಿ ಆರ್ಕಿಡ್ ಬೀಜ ಮೊಳೆಯುತ್ತದೆಂದು ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು. ಹೀಗಾಗಿ ಕಾಯಿ ಬಿರಿಯುವ ಮೊದಲೇ, ಹಸಿರಿರುವಾಗಲೇ ಕೊಯ್ದು ಅಂಗಾಂಶ ಕೃಷಿ ಪ್ರಯೋಗಾಲಯಕ್ಕೆ ಕೊಡಿ.