ಕಾಣೆಯಾದವನು ಉಪ್ಪಿನ ಬಿಲ್ಲಿನಲ್ಲಿ ಸಿಕ್ಕ

ಎಂಟು ವರ್ಷ ಹುಡುಕಿದೆವು. ಹೋದ ವರ್ಷ ಸಿಕ್ಕ. ದಾರಿ ತೋರಿಸಿದ್ದು ಒಂದು ಚೀಲ ಉಪ್ಪಿನ ಬಿಲ್ಲು. ನಾನು ವಕೀಲ; ಜಮಖಂಡಿ ಕೋರ್ಟಿನಲ್ಲಿ ನನ್ನ ಪಕ್ಕದಲ್ಲೇ ಕೂರುವ ಹಿರಿಯ ವಕೀಲರು "ಬಿಲ್ ಹುಡುಕಿದ್ರ ಮನಷ್ಯಾ ಸಿಗತಾನೇನ್ರೀ" ಎಂದಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗನಿಗೆ ಆಗ 27 ವರ್ಷ. ಪಂಚಾಯ್ತಿ ಚುನಾವಣೆಯಲ್ಲಿ ಎರಡು ಗುಂಪುಗಳಿಗೆ ಹೊಡೆದಾಟವಾಗಿತ್ತು. ಫಲಿತಾಂಶ ಬಂದ ಮೂರನೇ ರಾತ್ರಿ ಮನೆ ಮುಂದೆ ಪೊಲೀಸ್ ಜೀಪು ನಿಂತಿತು. "ಒಂದು ಸಹಿ ಮಾಡಿ ಬರೂವಂತಿ" ಎಂದು ಕರೆದೊಯ್ದರು. ಬೆಳಿಗ್ಗೆ ಅವ್ವ ಬುತ್ತಿ ಕಟ್ಟಿಕೊಂಡು ಠಾಣೆಗೆ ಹೋದರೆ "ನಾವು ಕರೆದೇ ಇಲ್ಲ" ಎಂದರು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಹೈಕೋರ್ಟಿನ ಧಾರವಾಡ ಪೀಠದಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದಿಟ್ಟವನನ್ನು ಕೋರ್ಟಿಗೆ ತನ್ನಿ ಎಂಬ ಅರ್ಜಿ. ನಮ್ಮ ವಶದಲ್ಲಿಲ್ಲ ಎಂದು ಪೊಲೀಸರ ಅಫಿಡವಿಟ್ ಬಂತು, ಅಲ್ಲಿಗೆ ಮುಗಿಯಿತು. ಜೀವದ ಪ್ರಶ್ನೆ ಅಂತ 48 ಗಂಟೆಯ ಮಾಹಿತಿ ಹಕ್ಕು ಅರ್ಜಿ ಹಾಕಿದೆ, ಉತ್ತರ ಬಂದಿದ್ದು ಎರಡು ತಿಂಗಳಿಗೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಫೋಟೋ ಹಂಚಿದೆವು, ಸುಮಾರು ಒಂಬತ್ತು ಸಾವಿರ ಖರ್ಚು. ಮೀರಜ್ ಕಡೆಯವನೊಬ್ಬ "ನೋಡೀನಿ, ಕರಕೊಂಡು ಬರ್ತೀನಿ" ಎಂದು ಹದಿನೈದು ಸಾವಿರ ತೆಗೆದುಕೊಂಡು ಹೋದ. ಅದು ಎಮ್ಮೆ ಮಾರಿದ ದುಡ್ಡು. ಆ ಸಂಕಟ ಇನ್ನೂ ನನ್ನ ಎದೆಯಲ್ಲಿದೆ.

ನನ್ನ ತಪ್ಪು ಏನೆಂದರೆ, ನಾನು ಅವನ ಹೆಸರು ಹಿಡಿದು ಹುಡುಕುತ್ತಿದ್ದೆ. ಮಾಯ ಮಾಡಿದವರು ಮೊದಲು ಅಳಿಸುವುದೇ ಹೆಸರನ್ನು. ಪಂಜಾಬಿನ ಮಾನವ ಹಕ್ಕು ಹೋರಾಟಗಾರ ಜಸ್ವಂತ್ ಸಿಂಗ್ ಖಾಲ್ರಾ ನೆನಪಾದರು. ಅವರು ಹೋಗಿದ್ದು ಸ್ಮಶಾನಕ್ಕೆ. ಗುರುತು ಸಿಗದ ಶವಗಳ ದಾಖಲೆ, ಸುಡಲು ತಂದ ಸೌದೆಯ ಲೆಕ್ಕ ಹಿಡಿದು ಕಾಣೆಯಾದವರನ್ನು ಪತ್ತೆ ಮಾಡಿದರು. 1995ರ ಸೆಪ್ಟೆಂಬರ್‌ನಲ್ಲಿ ಪೊಲೀಸರು ಅವರನ್ನೇ ಮನೆ ಮುಂದಿನಿಂದ ಎತ್ತಿಕೊಂಡು ಹೋದರು. ಆಮೇಲೆ ಸಿಬಿಐ ಮೂರೇ ಸ್ಮಶಾನಗಳಲ್ಲಿ 2,097 ಶವಗಳ ಲೆಕ್ಕ ಕೊಟ್ಟಿತು. ಅಲ್ಲಿ ಸೌದೆಯಾದರೆ ನಮ್ಮ ಕಡೆ ಹೂಳುತ್ತಾರೆ. ಗುಂಡಿ ತೋಡಿದ ಕೂಲಿ, ಬಿಳಿ ಬಟ್ಟೆ, ಉಪ್ಪು. ಯಾರೋ ದುಡ್ಡು ಕೊಟ್ಟಿರಲೇಬೇಕು ಅಲ್ವಾ?

ಎಲ್ಲಿ, ಯಾವ ದಿನ ಅಂತ ಹುಡುಕುವುದು? ಕೊಂದು ಕೃಷ್ಣಾ ಹೊಳೆಗೆ ಎಸೆದಿರಬೇಕು ಎಂದು ನನಗೆ ಅನುಮಾನ. ಹದಿನೈದು ತೆಂಗಿನಕಾಯಿಗೆ ಕೆಂಪು ಬಣ್ಣ ಬಳಿದು ಹೊಳೆಗೆ ಬಿಟ್ಟು ನೋಡಿದೆ. ಮೂರು ಸಿಕ್ಕವು, ಏನೂ ತಿಳಿಯಲಿಲ್ಲ. ಆದರೆ ದಂಡೆಯಲ್ಲಿ ನೋಡುತ್ತಿದ್ದ ಅಂಬಿಗರ ಅಜ್ಜ ಹೇಳಿದ: "ಕಾಯಿ ತೇಲತಾವ ಸರ. ಹೆಣ ಮೊದಲ ಮುಳಗತೈತಿ. ಮೂರನೇ ದಿನಕ್ಕೋ ನಾಕನೇ ದಿನಕ್ಕೋ ಮ್ಯಾಲ ಬರತೈತಿ." ಅಲ್ಲಿಯವರೆಗೆ ನಾನು ಆ ರಾತ್ರಿಯ, ಮರುದಿನದ ದಾಖಲೆಗಳನ್ನೇ ನೋಡುತ್ತಿದ್ದೆ. ಆಮೇಲೆ ಮೂರರಿಂದ ಹನ್ನೆರಡನೇ ದಿನದವರೆಗೆ ಕೇಳಿದೆ. ಚಿಕ್ಕಪಡಸಲಗಿ ಬ್ಯಾರೇಜ್‌ನಿಂದ ಕೆಳಗೆ, ಆಲಮಟ್ಟಿ ಹಿನ್ನೀರಿನ ಎರಡೂ ದಂಡೆ, ಬಾಗಲಕೋಟೆ, ವಿಜಯಪುರ ಎರಡೂ ಜಿಲ್ಲೆ.

ನಲವತ್ತಕ್ಕೂ ಜಾಸ್ತಿ ಮಾಹಿತಿ ಹಕ್ಕು ಅರ್ಜಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಎಂಬುದು ನಮ್ಮ ರಾಜ್ಯದ ನಿಯಮ. ಶವ ಅನ್ನುವ ಮಾತನ್ನೇ ಎತ್ತದೆ ಸುಮ್ನೆ ಖರ್ಚಿನ ವೋಚರ್ ಕೇಳಿದೆ. ಯಾವ ಲೆಕ್ಕದಡಿ ಕೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಕಾಗದ ಕಾಣೆಯಾಗುತ್ತವೆ. ಕೇಸು ಹಿಡಿದು ಬನ್ನಿ, ಕೂತು ಹೇಳಿಕೊಡುತ್ತೇನೆ.

ಮೂವತ್ತನೆಯದೋ ಏನೋ ಉತ್ತರದಲ್ಲಿ ಸಿಕ್ಕಿತು. ಹಿನ್ನೀರಿನ ಒಂದು ಪಂಚಾಯ್ತಿ. ಉಪ್ಪು ಒಂದು ಚೀಲ, ಬಟ್ಟೆ ಐದು ಮೀಟರ್, ಆಳು ಇಬ್ಬರು. ಆರನೇ ದಿನದ ತಾರೀಖು. ಅದರ ಮೇಲೆ ಪೊಲೀಸರ ಯುಡಿಆರ್ (ಅಸಹಜ ಸಾವಿನ ವರದಿ) ಫೈಲು ತೆಗೆಸಿದೆ. ಮುದ್ದೆಮಾಲಿನ, ಅಂದರೆ ಶವದ ಮೇಲಿದ್ದು ಪೊಲೀಸರು ತೆಗೆದಿಟ್ಟ ವಸ್ತುಗಳ ಬಟ್ಟೆ ಚೀಲದಲ್ಲಿ ಕರಿ ಉಡದಾರ, ಅದಕ್ಕೆ ಕಟ್ಟಿದ ಸಣ್ಣ ಕೀಲಿಕೈ.

ಮನೆಯಲ್ಲಿ ಅವನ ಟ್ರಂಕು ಹಾಗೇ ಇತ್ತು. ಅವ್ವ ಒಡೆಯಲು ಬಿಟ್ಟಿರಲಿಲ್ಲ. ಕೀಲಿಗೆ ತುಕ್ಕು ಹಿಡಿಯಬಾರದು ಎಂದು ಅಮಾವಾಸ್ಯೆಗೊಮ್ಮೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ಪಂಚರ (ಸಾಕ್ಷಿಗಳ) ಮುಂದೆ ಆ ಕೀಲಿಕೈ ಹಾಕಿದಾಗ ಒಂದೇ ತಿರುವಿಗೆ ತೆರೆಯಿತು. ಅವ್ವ ಅಳಲಿಲ್ಲ. ಟ್ರಂಕಿನೊಳಗೆ ಕೈಯಿಟ್ಟು ಅಂಗಿಯನ್ನು ಸವರುತ್ತಾ ಕೂತರು.

ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಗುಂಡಿ ತೆಗೆಸಿದ್ದು, ತೊಡೆಯ ಮೂಳೆ, ಅವ್ವನ ರಕ್ತ, ಡಿಎನ್ಎ. ತಾಳೆಯಾಯಿತು. ಹೀಗೆ ಎತ್ತಿಕೊಂಡು ಹೋಗಿ ಮಾಯ ಮಾಡುವುದಕ್ಕೆ ನಮ್ಮಲ್ಲಿ ಬೇರೆ ಕಲಮೇ ಇಲ್ಲ. ಇದರ ವಿರುದ್ಧ ಇರುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 2007ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. ಹಾಗಾಗಿ ಅಪಹರಣ, ಕೊಲೆ, ಸಾಕ್ಷ್ಯ ನಾಶ ಎಂದೇ ಹಾಕಿಸಿದೆ. ಪರಿಹಾರಕ್ಕೆ ಮಣಿಪುರದ ಸೆಬಾಸ್ಟಿಯನ್ ಹೊಂಗ್ರೇ ಪ್ರಕರಣದ 1984ರ ಸುಪ್ರೀಂ ಕೋರ್ಟ್ ತೀರ್ಪು ಹಿಡಿದಿದ್ದೇನೆ. ಕಾಣೆಯಾದ ಇಬ್ಬರ ಹೆಂಡಂದಿರಿಗೆ ತಲಾ 1 ಲಕ್ಷ ಕೊಡಿಸಿದ ತೀರ್ಪು.

ಒಟ್ಟು ಖರ್ಚು ಎಂಬತ್ತು ಸಾವಿರದ ಆಸುಪಾಸು, ಅರ್ಧ ನನ್ನ ಕೈಯಿಂದ. ಬಾರ್ ರೂಮಿನ ಆ ಹಿರಿಯರು ಈಗ ತಮ್ಮದೇ ಒಂದು ಹಳೇ ಫೈಲು ತಂದುಕೊಟ್ಟಿದ್ದಾರೆ.

ಟ್ರಂಕು ಕೋರ್ಟಿನಲ್ಲಿದೆ. ಅವ್ವ ಪ್ರತಿ ತಾರೀಖಿಗೂ ಬಸ್ ಹತ್ತಿ ಬರುತ್ತಾರೆ. "ಆ ಅಂಗಿ ಯಾವಾಗ ಕೊಡತಾರ್ರೀ?" ಎಂದು ಕೇಳುತ್ತಾರೆ. ಬಿಡುಗಡೆಗೆ ಅರ್ಜಿ ಹಾಕಿದ್ದೇನೆ.